ಹಳೆಯ ಕಾರಿನ ಮುಂದಿನ ಗಾಲಿಗಳೂ ಕಾಣದ ತುಕ್ಕೂ

ಕಬ್ಬಿಣಕ್ಕೆ ತುಕ್ಕು ಹಿಡಿಯುವುದೆಂಬುದು ಪ್ರಾಥಮಿಕ ಶಾಲೆಯ ಬಾಲಕನೂ ಬಲ್ಲ ಸಂಗತಿ. ಬೀದರ ಸೀಮೆಯಲ್ಲಿ ಜನರು ಇದನ್ನೇ ‘ಜಂಗು’ ಎನ್ನುತ್ತಾರೆ. ಎಲ್ಲರಿಗೂ ತಿಳಿದ ಸಂಗತಿಯಾದ ಕಾರಣದಿಂದಲೇ ಅದನ್ನು ಕುರಿತು ಯಾರೂ ಆಳವಾಗಿ ಆಲೋಚಿಸುವುದಿಲ್ಲ. ಹಳೆಯ ಕಾರಿನ ಬಾಗಿಲಿನ ಮೇಲೆ ಅಂಗೈಯಗಲ ತುಕ್ಕು ಕಂಡರೆ ಒಡೆಯನು ತಕ್ಷಣವೇ ಬಣ್ಣದವನನ್ನು ಕರೆಸುತ್ತಾನೆ. ಅದೇ ಕಾರಿನ ಅಡಿಯಲ್ಲಿ, ಮುಂದಿನ ಗಾಲಿಯನ್ನು ಹಿಡಿದಿರುವ ಉಕ್ಕಿನ ತೋಳು ಅರ್ಧ ಸವೆದಿದ್ದರೂ ಅದನ್ನು ಬಗ್ಗಿ ನೋಡುವವರಿಲ್ಲ. ಬಾಗಿಲಿನ ತುಕ್ಕು ಅಂದಕ್ಕೆ ಕೇಡು. ತೋಳಿನ ತುಕ್ಕು ಪ್ರಾಣಕ್ಕೆ ಕೇಡು. ಆದರೂ ಹಣ ವೆಚ್ಚವಾಗುವುದು ಮೊದಲನೆಯದಕ್ಕೆ. ಈ ಅಭ್ಯಾಸ ಬದಲಾಗಬೇಕೆಂಬುದು ನಮ್ಮ ಅಭಿಪ್ರಾಯ. ಭಾರ ಹೊರುವ ಭಾಗವು ತುಕ್ಕಿನಿಂದ ಸವೆದಿದ್ದರೆ ಅದನ್ನು ಬದಲಾಯಿಸಬೇಕೇ ಹೊರತು ಬಣ್ಣದಿಂದಲೋ ಬೆಸುಗೆಯಿಂದಲೋ ಮುಚ್ಚಬಾರದು. ವಾಹನದ ಯೋಗ್ಯತೆಯನ್ನು ಅದರ ವಯಸ್ಸಿನಿಂದಲ್ಲ, ಅಡಿಭಾಗದ ಪರೀಕ್ಷೆಯಿಂದ ನಿರ್ಣಯಿಸಬೇಕು. ಹೀಗೆ ಹೇಳಲು ನಮಗಿರುವ ಕಾರಣಗಳನ್ನು ತರುಣ ವಾಚಕರ ಮುಂದಿಡುತ್ತೇವೆ.

ಕಾರಿನ ಒಡಲು ಗಾಲಿಗಳ ಮೇಲೆ ನೇರವಾಗಿ ಕುಳಿತಿರುವುದಿಲ್ಲ. ನಡುವೆ ಸ್ಪ್ರಿಂಗು, ಅದರ ಕುಣಿತವನ್ನು ಅಡಗಿಸುವ ಶಾಕ್ ಅಬ್ಸಾರ್ಬರು, ಗಾಲಿಯನ್ನು ಅದರ ಸ್ಥಾನದಲ್ಲಿ ಹಿಡಿದಿಡುವ ತೋಳುಗಳು ಇರುತ್ತವೆ. ಇವೆಲ್ಲ ಕೂಡಿ ಸಸ್ಪೆನ್ಷನ್ ಎನಿಸುತ್ತವೆ. ಲಾರಿಗಳಲ್ಲಿ ಇದು ಪಟ್ಟಿಯ ಮೇಲೆ ಪಟ್ಟಿ ಇಟ್ಟ ಪಾಟಾಗಳಿಂದಾದ ಗಟ್ಟಿ ವ್ಯವಸ್ಥೆ. ಕ್ರೀಡಾ ಕಾರುಗಳಲ್ಲಿಯಾದರೋ ಒಂದು ಗಾಲಿಗೆ ಮೇಲೊಂದು ಕೆಳಗೊಂದು ಕವಲುತೋಳಿದ್ದು, ಅವುಗಳ ತುದಿಗಳನ್ನು ನೆಟ್ಟನೆಯ ಕೊಂಡಿಯೊಂದು ಜೋಡಿಸುತ್ತದೆ. ಕಾರು ಹಗುರ, ವೇಗ ಹೆಚ್ಚು, ತಿರುವಿನಲ್ಲಿ ಗಾಲಿ ನೆಲವನ್ನು ಬಿಡಬಾರದು. ಆದುದರಿಂದ ಈ ಭಾಗಗಳನ್ನು ತೆಳುವಾಗಿ, ಲೆಕ್ಕ ಹಾಕಿ ಮಾಡಿರುತ್ತಾರೆ. ಬ್ರೇಕು ಒತ್ತಿದಾಗ ಒಡಲಿನ ಭಾರ ಮುಂದಕ್ಕೆ ವಾಲುತ್ತದೆ. ತಿರುಗಿಸುವ ಕೆಲಸವೂ ಮುಂದಿನ ಗಾಲಿಗಳದ್ದೇ. ಹೀಗೆ ಅತಿ ಹೆಚ್ಚು ಹೊರೆ ಬೀಳುವ ಸ್ಥಳದಲ್ಲಿಯೇ ಕೆಸರು ನೀರು ಅತಿ ಹೆಚ್ಚು ಚಿಮ್ಮುತ್ತದೆ.

ನಮ್ಮ ದೇಶಕ್ಕೆ ಸಂಬಂಧಿಸಿದ ಉದಾಹರಣೆಯೊಂದನ್ನು ನೋಡೋಣ. ೧೯೫೯ರಲ್ಲಿ ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಕಾರು ಹೊರಬಂದಿತು. ೧೯೬೧ರಿಂದ ಮದರಾಸಿನ ಸ್ಟ್ಯಾಂಡರ್ಡ್ ಕಾರ್ಖಾನೆಯು ಅದನ್ನು ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಿಸಿತು. ಇಪ್ಪತ್ತೈದು ಅಡಿ ವ್ಯಾಸದ ವೃತ್ತದಲ್ಲಿ ಸುತ್ತಿ ಬರಬಲ್ಲ ಕಾರೆಂದು ಅದು ಹೆಸರು ಪಡೆಯಿತು. ೧೯೬೨ರಲ್ಲಿ ಟ್ರಯಂಫ್ ಸಂಸ್ಥೆಯವರು ಸ್ಪಿಟ್‌ಫಯರ್ ಎಂಬ ಇಬ್ಬರು ಕೂಡುವ ಕ್ರೀಡಾ ಕಾರನ್ನು ತಂದಾಗ ಹೆರಾಲ್ಡಿನ ಮುಂದಿನ ಸಸ್ಪೆನ್ಷನ್ನನ್ನೇ ಅದಕ್ಕೆ ಅಳವಡಿಸಿದರು. ಲೋಟಸ್ ಸಂಸ್ಥೆಯ ಈಲಾನ್ ಮೊದಲಾದ ಹೆಸರಾಂತ ಕ್ರೀಡಾ ಕಾರುಗಳೂ ಇದೇ ಕೊಂಡಿಯನ್ನು ಬಳಸಿಕೊಂಡವು. ಹೀಗಾಗಿ ನಮ್ಮಲ್ಲಿ ಉಳಿದಿರುವ ಹೆರಾಲ್ಡ್ ಕಾರು ಮೇಲ್ನೋಟಕ್ಕೆ ಸಂಸಾರಸ್ಥರ ಕಾರಾದರೂ ಅದರ ಮುಂದಿನ ಗಾಲಿಗಳ ಮಟ್ಟಿಗೆ ಅದು ಕ್ರೀಡಾ ಕಾರುಗಳ ಒಡಹುಟ್ಟು.

ಆ ಕೊಂಡಿಯ ರಚನೆ ಗಮನಿಸತಕ್ಕದ್ದು. ಉಕ್ಕಿನ ನೆಟ್ಟನೆಯ ಕೊಂಡಿಯ ಕೆಳತುದಿಯಲ್ಲಿ ತಿರುಪಿನ ಹಲ್ಲುಗಳಿವೆ. ಆ ತುದಿಯು ಟ್ರನಿಯನ್ ಎಂಬ ಕಂಚಿನ ಗಟ್ಟಿಯೊಳಗೆ ತಿರುಪಿನಂತೆ ಕುಳಿತಿರುತ್ತದೆ. ಒಂದು ಪಕ್ಕದಲ್ಲಿ ಬಲತಿರುಪು, ಇನ್ನೊಂದು ಪಕ್ಕದಲ್ಲಿ ಎಡತಿರುಪು. ಚಾಲಕನು ಚಕ್ರವನ್ನು ತಿರುಗಿಸಿದಾಗಲೆಲ್ಲ ಉಕ್ಕು ಕಂಚಿನೊಳಗೆ ಸ್ವಲ್ಪ ಸ್ವಲ್ಪ ತಿರುಗುತ್ತದೆ. ಇದಕ್ಕೆ ಗೇರಿನ ಪೆಟ್ಟಿಗೆಗೆ ಹಾಕುವಂಥ ದಪ್ಪ ಎಣ್ಣೆಯನ್ನು ಕಾಲಕಾಲಕ್ಕೆ ತುಂಬಬೇಕೆಂದು ತಯಾರಕರ ವಿಧಿ. ಎಣ್ಣೆ ಇರುವವರೆಗೆ ಯಾವ ಭಯವೂ ಇಲ್ಲ. ಎಣ್ಣೆ ಬತ್ತಿ ನೀರು ಒಳಸೇರಿತೆಂದರೆ ಎರಡು ಲೋಹಗಳ ನಡುವೆ ಒಂದು ಪುಟ್ಟ ವಿದ್ಯುತ್ ಕೋಶವೇ ಏರ್ಪಡುತ್ತದೆ. ಕಂಚು ಉಳಿಯುತ್ತದೆ, ಉಕ್ಕು ಕರಗುತ್ತದೆ. ಹಲ್ಲುಗಳ ಬುಡದಲ್ಲಿ ಕುಳಿಗಳು ಬೀಳುತ್ತವೆ. ತಿರುಗುವಾಗ ಬಿಗಿತ ಹೆಚ್ಚುತ್ತದೆ. ಕೊನೆಗೊಂದು ದಿನ ಕೊಂಡಿಯ ತುದಿ ಕತ್ತರಿಸಿ, ಗಾಲಿ ಮಡಚಿಕೊಂಡು, ಕಾರಿನ ಮೂತಿ ನೆಲಕ್ಕೆ ಬೀಳುತ್ತದೆ. ಇದು ನಿಧಾನವಾಗಿ ಕಾರು ತಿರುಗಿಸುವಾಗ ಆದರೆ ಪುಣ್ಯ. ಹೆದ್ದಾರಿಯಲ್ಲಿ ಆದರೆ ಹೇಳುವುದೇನು?

ಬೀದರ, ಭಾಲ್ಕಿ, ಔರಾದಗಳ ಬೀದಿಗಳಲ್ಲಿ ಕ್ರೀಡಾ ಕಾರು ಅಪರೂಪ, ಈ ಮಾತು ನಮಗೇಕೆ ಎಂದು ವಾಚಕರು ಕೇಳಬಹುದು. ಆದರೆ ಉಕ್ಕಿಗೆ ಕಾರಿನ ಅಂತಸ್ತು ತಿಳಿಯದು. ಹಳೆಯ ಜೀಪು, ಬಾಡಿಗೆಯ ಕಾರು, ಪ್ರಯಾಣಿಕರನ್ನು ತುಂಬಿ ಹಳ್ಳಿಗಳಿಗೆ ಓಡುವ ಸಣ್ಣ ವಾಹನ, ಇವುಗಳಿಗೂ ತುಕ್ಕಿನ ನಿಯಮ ಒಂದೇ. ಕ್ರೀಡಾ ಕಾರು ತೆಳುವಾದ ಭಾಗಗಳುಳ್ಳದ್ದಾದ್ದರಿಂದ ಪಾಠವನ್ನು ಬೇಗ ಕಲಿಸುತ್ತದೆ, ಅಷ್ಟೆ. ಮೇಲಾಗಿ, ತುಕ್ಕನ್ನು ಅಧ್ಯಯನ ಮಾಡಲು ಬೀದರ ಜಿಲ್ಲೆಗಿಂತ ಒಳ್ಳೆಯ ಸ್ಥಳ ದೊರೆಯುವುದು ಕಷ್ಟ.

ಬೀದರ ನಗರವು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ ನಿಂತಿದೆ. ಕೋಟೆಯ ಕಂದಕವನ್ನು ತೋಡಿರುವುದು ಈ ಕೆಂಪು ಕಲ್ಲಿನಲ್ಲಿಯೇ. ಆ ಕೆಂಪು ಎಲ್ಲಿಂದ ಬಂದಿತು? ಲಕ್ಷಾಂತರ ವರ್ಷಗಳ ಮಳೆಯಲ್ಲಿ ಕರಿಕಲ್ಲು ಶಿಥಿಲವಾಗಿ, ಕರಗುವ ಅಂಶಗಳೆಲ್ಲ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂಗಳ ಆಕ್ಸೈಡುಗಳು ಉಳಿದುದರಿಂದ. ಅಂದರೆ ಬೀದರಿನ ನೆಲವೇ ಒಂದು ಬಗೆಯ ತುಕ್ಕು. ಕುಲುಮೆಯಲ್ಲಿ ಇದ್ದಲಿನ ಬಲದಿಂದ ಆಮ್ಲಜನಕವನ್ನು ಬಿಡಿಸಿ ನಾವು ಕಬ್ಬಿಣವನ್ನು ಪಡೆಯುತ್ತೇವೆ. ಅವಕಾಶ ದೊರೆತೊಡನೆ ಅದು ಆಮ್ಲಜನಕದೊಡನೆ ಮತ್ತೆ ಕೂಡಿ ಮಣ್ಣಾಗಲು ಹವಣಿಸುತ್ತದೆ. ತುಕ್ಕೆಂಬುದು ಲೋಹದ ರೋಗವಲ್ಲ. ತನ್ನ ಮೂಲಸ್ಥಿತಿಗೆ ಮರಳುವ ಅದರ ಸ್ವಭಾವ.

ನಮ್ಮದು ಒಣ ಸೀಮೆ, ಇಲ್ಲಿ ಕರಾವಳಿಯಂತೆ ತುಕ್ಕು ಹಿಡಿಯದು ಎಂಬ ಸಮಾಧಾನವೊಂದು ಬಳಕೆಯಲ್ಲಿದೆ. ಇದರಲ್ಲಿ ಅರ್ಧ ಸತ್ಯವಿದೆ. ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ ಅರವತ್ತನ್ನು ಮೀರದಿದ್ದರೆ ಶುಚಿಯಾದ ಉಕ್ಕಿಗೆ ತುಕ್ಕು ಬಹು ಮೆಲ್ಲಗೆ ಹಿಡಿಯುತ್ತದೆ. ಆದರೆ ಕಾರಿನ ಅಡಿಭಾಗ ಶುಚಿಯಾಗಿರುವುದಿಲ್ಲ. ಭಾಲ್ಕಿ, ಔರಾದ ತಾಲ್ಲೂಕುಗಳ ಎರೆಮಣ್ಣನ್ನು ನೆನೆಯಿರಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಆ ಕರಿಯ ಕೆಸರು ತೋಳಿನ ಕವಲುಗಳಲ್ಲಿ, ಸ್ಪ್ರಿಂಗಿನ ಬಟ್ಟಲಿನಲ್ಲಿ ಮೆತ್ತಿಕೊಳ್ಳುತ್ತದೆ. ಅದರ ಸೂಕ್ಷ್ಮವಾದ ಜೇಡಿಕಣಗಳು ನೀರನ್ನು ಬಿಡದೆ ಹಿಡಿದಿರುತ್ತವೆ. ರಸ್ತೆ ಒಣಗಿದ ಮೇಲೂ ಹಲವು ದಿನ ಉಕ್ಕಿನ ಮೈಗೆ ಒದ್ದೆ ಬಟ್ಟೆ ಸುತ್ತಿದಂತೆಯೇ ಸರಿ. ಇನ್ನೊಂದು ವಿಚಿತ್ರವೂ ಇಲ್ಲಿದೆ. ಕೆಸರಿನ ಅಂಚಿನಲ್ಲಿ ಗಾಳಿ ಧಾರಾಳ, ನಡುವೆ ವಿರಳ. ಗಾಳಿ ಕಡಮೆಯಿರುವ ಭಾಗ ಆನೋಡಾಗಿ ಕರಗುತ್ತದೆ, ಗಾಳಿ ಹೆಚ್ಚಿರುವ ಭಾಗ ಕ್ಯಾಥೋಡಾಗಿ ಉಳಿಯುತ್ತದೆ. ಆದುದರಿಂದ ಸವೆತವು ಕಣ್ಣಿಗೆ ಬೀಳುವ ಅಂಚಿನಲ್ಲಿ ಕಡಮೆ. ಮಣ್ಣಿನ ಮರೆಯಲ್ಲಿ ಹೆಚ್ಚು. ಜೊತೆಗೆ, ಹೊಲಗಳಿಗೆ ಪೊಟ್ಯಾಷ್ ಗೊಬ್ಬರವನ್ನು ಹೊತ್ತೊಯ್ಯುವ ವಾಹನಗಳ ಮೇಲೆ ಅದರ ಪುಡಿ ಉದುರುತ್ತದೆ. ಅದು ಪೊಟ್ಯಾಸಿಯಂ ಕ್ಲೋರೈಡು. ಅಡಿಗೆ ಉಪ್ಪಿನ ಹತ್ತಿರದ ಬಂಧು. ಸಮುದ್ರವಿಲ್ಲದ ಊರಿಗೆ ಸಮುದ್ರದ ಉಪ್ಪುಗಾಳಿಯ ಗುಣವನ್ನು ಗೊಬ್ಬರದ ಚೀಲ ತಂದುಕೊಡುತ್ತದೆ.

ಹಳೆಯ ಕಬ್ಬಿಣ ದಪ್ಪ, ಮೇಲೆ ಸ್ವಲ್ಪ ಜಂಗು ಹಿಡಿದರೆ ಏನಾದೀತು ಎಂಬುದು ಎರಡನೆಯ ಸಮಾಧಾನ. ಇದಕ್ಕೆ ಗಣಿತವೇ ಉತ್ತರ ಕೊಡಲಿ. ೧೪ ಮಿಲಿಮೀಟರ್ ವ್ಯಾಸದ ಸರಳೊಂದು ಸುತ್ತಲೂ ಒಂದೊಂದು ಮಿಲಿಮೀಟರ್ ಸವೆದು ೧೨ ಮಿಲಿಮೀಟರ್ ಆಯಿತೆಂದು ಭಾವಿಸೋಣ. ಎಳೆತಕ್ಕೆ ತಡೆಯೊಡ್ಡುವ ಶಕ್ತಿ ವ್ಯಾಸದ ವರ್ಗವನ್ನು ಅನುಸರಿಸುತ್ತದೆ. ಅದು ನೂರರಿಂದ ೭೩ಕ್ಕೆ ಇಳಿಯಿತು. ಬಾಗುವಿಕೆಗೆ ತಡೆಯೊಡ್ಡುವ ಶಕ್ತಿ ವ್ಯಾಸದ ಘನವನ್ನು ಅನುಸರಿಸುತ್ತದೆ. ಅದು ೬೩ಕ್ಕೆ ಇಳಿಯಿತು. ಕಣ್ಣಿಗೆ ಅತ್ಯಲ್ಪವೆನಿಸುವ ಸವೆತದಿಂದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಶಕ್ತಿ ನಷ್ಟ! ಅದೂ ಅಲ್ಲದೆ ತುಕ್ಕು ತಾನು ತಿಂದ ಕಬ್ಬಿಣದ ಸುಮಾರು ಮೂರು ಪಟ್ಟು ಸ್ಥಳವನ್ನು ಆಕ್ರಮಿಸುತ್ತದೆ. ಆದಕಾರಣ ಸವೆದ ಭಾಗ ತೆಳ್ಳಗೆ ಕಾಣುವ ಬದಲು ಉಬ್ಬಿ ದಪ್ಪಗೆ ಕಾಣುತ್ತದೆ. ಕಣ್ಣು ಮೋಸ ಹೋಗುವುದು ಇಲ್ಲಿಯೇ.

ಇಷ್ಟಕ್ಕೇ ಮುಗಿಯಲಿಲ್ಲ. ತುಕ್ಕು ಸಮನಾಗಿ ಸವೆಸದೆ ಅಲ್ಲಲ್ಲಿ ಕುಳಿ ತೋಡುತ್ತದೆ. ಎಳೆತಕ್ಕೆ ಸಿಕ್ಕಿದ ಅಗಲವಾದ ತಗಡಿನಲ್ಲಿ ಸಣ್ಣದೊಂದು ದುಂಡು ರಂಧ್ರವಿದ್ದರೆ ಅದರ ಅಂಚಿನಲ್ಲಿ ಒತ್ತಡ ಮೂರು ಪಟ್ಟಾಗುತ್ತದೆಂದು ಎಂಜಿನಿಯರರು ಲೆಕ್ಕದಿಂದ ತೋರಿಸಿದ್ದಾರೆ. ಕುಳಿಗಳೂ ಇದೇ ಬಗೆಯಾಗಿ ಒತ್ತಡವನ್ನು ಒಂದೆಡೆ ಕೂಡಿಹಾಕುತ್ತವೆ. ಬಿರುಕು ಹುಟ್ಟುವುದು ಅಲ್ಲಿಂದ. ಸಣ್ಣ ಕಾರಿನ ಗಾಲಿ ಒಂದು ಕಿಲೋಮೀಟರಿಗೆ ಸುಮಾರು ೫೫೦ ಸುತ್ತು ಸುತ್ತುತ್ತದೆ. ಬೀದರಿನಿಂದ ಭಾಲ್ಕಿಗೆ ಹೋಗಿ ಬರುವಷ್ಟರಲ್ಲಿ ಸುತ್ತುಗಳ ಸಂಖ್ಯೆ ನಲವತ್ತು ಸಾವಿರದ ಹತ್ತಿರ ಬರುತ್ತದೆ. ರಸ್ತೆಯ ತಗ್ಗು ದಿನ್ನೆಗಳೆಲ್ಲ ತೋಳನ್ನು ಬಾಗಿಸಿ ಬಿಡುತ್ತಿರುತ್ತವೆ. ಒಣಗಾಳಿಯಲ್ಲಿ ಉಕ್ಕಿಗೆ ಒಂದು ಮಿತಿಯಿದೆ. ಅದಕ್ಕಿಂತ ಕಡಮೆ ಹೊರೆಯನ್ನು ಎಷ್ಟು ಸಲ ಹೇರಿದರೂ ಅದು ಸಹಿಸಬಲ್ಲದು. ತುಕ್ಕು ಹಿಡಿಯುತ್ತಿರುವ ಒದ್ದೆ ಉಕ್ಕಿಗೆ ಆ ಮಿತಿಯೇ ಇಲ್ಲವಾಗುತ್ತದೆ. ಸಣ್ಣ ಹೊರೆಯೂ ಸಾಕಷ್ಟು ಸಲ ಬಿದ್ದರೆ ಮುರಿಯುತ್ತದೆ. ಇಷ್ಟು ದಿನ ಓಡಿದೆ, ಇನ್ನೂ ಓಡೀತು ಎಂಬ ತರ್ಕ ಇಲ್ಲಿ ನಿಲ್ಲದು. ಓಡಿದಷ್ಟೂ ಮುರಿಯುವ ದಿನ ಹತ್ತಿರ.

ಹಾಗಾದರೆ ಮಾಡತಕ್ಕದ್ದೇನು? ಮೊದಲು ಮಣ್ಣನ್ನು ತೊಳೆದು, ತಂತಿಯ ಕುಂಚದಿಂದ ಉಜ್ಜಿ, ಚಿಕ್ಕ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಪದರ ಪದರವಾಗಿ ಏಳದೆ, ಕುಳಿಯಿಲ್ಲದೆ, ಬರಿಯ ಕೆಂಪು ಛಾಯೆ ಮಾತ್ರ ಇದ್ದರೆ ಆ ಭಾಗವನ್ನು ಉಳಿಸಿಕೊಳ್ಳಬಹುದು. ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿನ್ ಇರುವ ಲೇಪವು ಉಳಿದ ತುಕ್ಕನ್ನು ಗಟ್ಟಿಯಾದ ಬೇರೊಂದು ಸಂಯುಕ್ತವನ್ನಾಗಿ ಮಾರ್ಪಡಿಸುತ್ತದೆ. ನಮ್ಮ ಹಿರಿಯರು ಅಳಲೆಕಾಯಿಯ ರಸಕ್ಕೆ ಅನ್ನಭೇದಿಯನ್ನು ಬೆರೆಸಿ ಬರೆಯುವ ಮಸಿಯನ್ನು ಮಾಡುತ್ತಿದ್ದುದು ಇದೇ ರಸಾಯನಕ್ರಿಯೆಯಿಂದ. ಅದರ ಮೇಲೆ ಸತುವಿನ ಪುಡಿಯುಳ್ಳ ಅಡಿಬಣ್ಣ, ಅನಂತರ ಮೇಲುಬಣ್ಣ.

ಕುಳಿ ಬಿದ್ದಿದ್ದರೆ, ತಗಡು ತೆಳುವಾಗಿದ್ದರೆ, ತಿರುಪಿನ ಹಲ್ಲು ಸವೆದಿದ್ದರೆ ಬದಲಾಯಿಸುವುದೊಂದೇ ದಾರಿ. ಬೆಸುಗೆಯ ಮಿಸ್ತ್ರಿಯ ಕೈಚಳಕವನ್ನು ನಾವು ಅಲ್ಲಗಳೆಯುವುದಿಲ್ಲ. ಒಡಲಿನ ತಗಡಿಗೆ ಒಳ್ಳೆಯ ಬೆಸುಗೆ ಯೋಗ್ಯವಾದ ಚಿಕಿತ್ಸೆಯೇ. ಆದರೆ ಕಾಯಿಸಿ ತಣಿಸಿ ಹದಗೊಳಿಸಿದ ಕೊಂಡಿ, ಸ್ಪ್ರಿಂಗು, ಸ್ಟಿಯರಿಂಗಿನ ತೋಳುಗಳಿಗೆ ಬೆಸುಗೆಯ ಕಾವು ತಗುಲಿದರೆ ಆ ಹದವೇ ಕೆಟ್ಟುಹೋಗುತ್ತದೆ. ಸ್ಪ್ರಿಂಗನ್ನು ಬಲವಾದ ಆಮ್ಲದಲ್ಲಿ ಅದ್ದಿ ತೊಳೆಯುವುದೂ ಅಪಾಯ. ಆಮ್ಲದಿಂದ ಹುಟ್ಟಿದ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಹೊಕ್ಕು ಅದನ್ನು ಪೆಡಸಾಗಿಸುತ್ತದೆ. ಇನ್ನು, ಅದುಮಿ ಕೂರಿಸಿದ ಸ್ಪ್ರಿಂಗನ್ನು ಬಿಚ್ಚುವ ಕೆಲಸವನ್ನು ವಿದ್ಯಾರ್ಥಿಗಳು ಆಟವೆಂದು ಬಗೆಯಬಾರದು. ಮಿಲಿಮೀಟರಿಗೆ ೩೦ ನ್ಯೂಟನ್ ಬಿಗಿತದ ಸ್ಪ್ರಿಂಗು ೧೨೦ ಮಿಲಿಮೀಟರ್ ಅದುಮಿಕೊಂಡಿದ್ದರೆ ಅದರಲ್ಲಿ ಅಡಗಿರುವ ಶಕ್ತಿ ೨೧೬ ಜೂಲ್. ಇಪ್ಪತ್ತು ಕಿಲೋಗ್ರಾಂ ತೂಕದ ಕಲ್ಲು ಒಂದು ಮೀಟರಿಗೂ ಹೆಚ್ಚು ಎತ್ತರದಿಂದ ಬಿದ್ದಂತೆ. ಅದಕ್ಕೆಂದೇ ಇರುವ ಬಿಗಿಯುವ ಸಾಧನ, ನುರಿತ ಕೈ, ಎರಡೂ ಬೇಕು.

ಬಿಡಿಭಾಗಗಳು ದುಬಾರಿ, ಗಾಡಿ ನಿಂತರೆ ದಿನದ ಗಳಿಕೆ ನಿಂತಿತು ಎಂಬ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಔರಾದದಿಂದ ಹಳ್ಳಿಗೆ ಜೀಪು ಓಡಿಸಿ ಸಂಸಾರ ಸಾಗಿಸುವವನಿಗೆ ಹೊಸ ತೋಳು ಒಂದು ಹೊರೆಯೇ ಸರಿ. ಆದರೆ ಆ ಜೀಪಿನಲ್ಲಿ ಕುಳಿತವರು ತುಕ್ಕನ್ನು ಕಂಡವರಲ್ಲ, ಅದಕ್ಕೆ ಒಪ್ಪಿಗೆ ಕೊಟ್ಟವರೂ ಅಲ್ಲ. ಅಪಾಯವನ್ನು ತಿಳಿಯದವರ ತಲೆಯ ಮೇಲೆ ಉಳಿತಾಯ ಮಾಡುವುದು ನ್ಯಾಯವಲ್ಲ. ಬಾಗಿಲಿನ ಬಣ್ಣಕ್ಕೂ ಅಲಂಕಾರಕ್ಕೂ ಆಗುವ ವೆಚ್ಚವನ್ನು ಮೊದಲು ಅಡಿಭಾಗಕ್ಕೆ ತಿರುಗಿಸಿದರೆ ಹೊರೆಯ ಒಂದು ಪಾಲಾದರೂ ಇಳಿದೀತು.

ಕಾನೂನಿನ ಮಾತಿಗೆ ಬರೋಣ. ೧೯೮೮ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಖಾಸಗಿ ಕಾರಿನ ನೋಂದಣಿ ೧೫ ವರ್ಷಗಳ ಕಾಲ ಸಿಂಧುವಾಗಿದ್ದು, ಬಳಿಕ ಐದು ವರ್ಷಗಳಿಗೊಮ್ಮೆ ನವೀಕರಣವಾಗಬೇಕು. ೨೦೨೧ರ ನಿಯಮಗಳು ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿರುವ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಿವೆ. ೧೯೬೦ರ ದಶಕದ ಹೆರಾಲ್ಡ್ ಕಾರುಗಳೆಲ್ಲ ಈಗ ಆ ವಯಸ್ಸಿನವು. ಇವೆಲ್ಲ ವರ್ಷಗಳ ಎಣಿಕೆ. ತುಕ್ಕು ವರ್ಷವನ್ನಾಗಲಿ ಕಿಲೋಮೀಟರನ್ನಾಗಲಿ ಎಣಿಸುವುದಿಲ್ಲ. ಎರೆಮಣ್ಣಿನಲ್ಲಿ ದುಡಿದ ಹತ್ತು ವರ್ಷದ ಗಾಡಿ, ಒಣ ಕೊಟ್ಟಿಗೆಯಲ್ಲಿ ಎಣ್ಣೆ ಕಂಡ ಐವತ್ತು ವರ್ಷದ ಕಾರಿಗಿಂತ ಹೆಚ್ಚು ಸವೆದಿರಬಹುದು. ಬ್ರಿಟನ್ನಿನಲ್ಲಿ ೧೯೬೦ರಿಂದ ವಾಹನ ಪರೀಕ್ಷೆಯ ಪದ್ಧತಿಯಿದೆ. ಈಗ ಮೂರು ವರ್ಷ ಕಳೆದ ಕಾರು ಪ್ರತಿ ವರ್ಷವೂ ಪರೀಕ್ಷೆಗೆ ಹೋಗಬೇಕು. ಸಸ್ಪೆನ್ಷನ್, ಬ್ರೇಕು, ಸ್ಟಿಯರಿಂಗುಗಳು ಒಡಲಿಗೆ ಸೇರುವ ಸ್ಥಳದಿಂದ ೩೦ ಸೆಂಟಿಮೀಟರಿನೊಳಗೆ ಒಡಲು ಶಕ್ತಿಗುಂದುವಷ್ಟು ತುಕ್ಕಿದ್ದರೆ ಅದು ಅನುತ್ತೀರ್ಣ. ನಮಗೆ ಬೇಕಾದುದು ಇಂಥ ಅಳತೆಗೋಲು. ಅದೇ ದೇಶದಲ್ಲಿ ೨೦೧೮ರಿಂದ ನಲವತ್ತು ವರ್ಷ ಮೀರಿದ, ಹೆಚ್ಚಿನ ಮಾರ್ಪಾಟಿಲ್ಲದ ಕಾರುಗಳಿಗೆ ಈ ಪರೀಕ್ಷೆಯಿಂದ ವಿನಾಯಿತಿ ಕೊಟ್ಟಿದ್ದಾರೆ. ಆ ಭಾಗವನ್ನು ನಾವು ಅನುಕರಿಸಬಾರದೆಂದು ಹೇಳುತ್ತೇವೆ. ನಿಂತ ಕಾರಿಗೂ ತುಕ್ಕು ಹಿಡಿಯುತ್ತದೆ.

ಬೀದರಿನ ಜನರಿಗೆ ಲೋಹದ ಮೇಲಿನ ಈ ಕ್ರಿಯೆ ಹೊಸದಲ್ಲ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯನ್ನು ಕೂರಿಸಿ, ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಲೇಪಿಸಿದಾಗ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ. ಬಿದ್ರಿ ಕಲೆಯ ಚೆಲುವೆಲ್ಲ ಅಳತೆಯರಿತು ಮಾಡಿದ ಈ ಬಗೆಯ ಲೋಹಕ್ಷಯದಿಂದಲೇ. ಅದೇ ಸತುವನ್ನು ಉಕ್ಕಿಗೆ ಬಳಿದರೆ ಅದು ತಾನು ಕರಗಿ ಉಕ್ಕನ್ನು ಕಾಯುತ್ತದೆ. ಕುಶಲಕರ್ಮಿಯು ಮಣ್ಣಿನ ಗುಣವನ್ನು ನಾಲಗೆಯ ರುಚಿಯಿಂದ ಪರೀಕ್ಷಿಸುತ್ತಾನೆ. ಗಾಡಿಯ ಒಡೆಯನೂ ತನ್ನ ಗಾಡಿಗೆ ಮೆತ್ತಿದ ಮಣ್ಣನ್ನು ಅಷ್ಟೇ ಗಂಭೀರವಾಗಿ ನೋಡಬೇಡವೇ?

ವಿದ್ಯಾರ್ಥಿಗಳು ಈ ವಿಷಯದಲ್ಲಿ ಕೈಯಾರೆ ಕೆಲಸ ಮಾಡಬಹುದು. ಮೆದು ಉಕ್ಕಿನ ಸಮನಾದ ಪಟ್ಟಿಗಳನ್ನು ಕತ್ತರಿಸಿ, ತೂಕ ಮಾಡಿ, ಬೀದರಿನ ಕೆಮ್ಮಣ್ಣಿನಲ್ಲಿ ಒಂದು, ಭಾಲ್ಕಿಯ ಎರೆಮಣ್ಣಿನಲ್ಲಿ ಒಂದು, ಔರಾದದ ಹೊಲದ ಗೊಬ್ಬರ ಬಿದ್ದ ಮಣ್ಣಿನಲ್ಲಿ ಒಂದು ಇಡಿರಿ. ಮಣ್ಣನ್ನು ಒಂದೇ ಬಗೆಯಾಗಿ ನೆನೆಸುತ್ತಿರಿ. ಮಳೆಗಾಲದ ಕೊನೆಗೆ ತೆಗೆದು, ನಿಂಬೆ ಉಪ್ಪಿನ ದ್ರಾವಣದಿಂದ ತುಕ್ಕನ್ನು ಕಳೆದು, ಮತ್ತೆ ತೂಗಿರಿ. ದ್ರಾವಣವು ಲೋಹವನ್ನೂ ಸ್ವಲ್ಪ ತಿನ್ನುವುದರಿಂದ ಮಣ್ಣಿನಲ್ಲಿಡದ ಒಂದು ಪಟ್ಟಿಯನ್ನೂ ಅದರಲ್ಲಿ ಅದ್ದಿ ಆ ನಷ್ಟವನ್ನು ಕಳೆಯಬೇಕು. ನೂರು ಚದರ ಸೆಂಟಿಮೀಟರ್ ಮೈಯಿಂದ ಒಂದು ಗ್ರಾಂ ಹೋದರೆ ಸವೆತ ಸುಮಾರು ಮಿಲಿಮೀಟರಿನ ಎಂಬತ್ತನೆಯ ಒಂದು ಪಾಲು. ಮೂರು ಊರಿನ ವಿದ್ಯಾರ್ಥಿಗಳು ಕೂಡಿ ಹೀಗೆ ನಾಲ್ಕಾರು ವರ್ಷ ಅಳೆದರೆ, ಯಾವ ಮಣ್ಣಿನಲ್ಲಿ ಓಡುವ ಗಾಡಿಯನ್ನು ಎಷ್ಟು ಕಾಲಕ್ಕೊಮ್ಮೆ ಪರೀಕ್ಷಿಸಬೇಕೆಂಬುದಕ್ಕೆ ಜಿಲ್ಲೆಗೆ ತನ್ನದೇ ಆದ ಆಧಾರ ದೊರೆಯುತ್ತದೆ.

ಮಳೆ ಮುಗಿಯುವ ಹೊತ್ತಿಗೆ ಖಂಡೇನವಮಿ ಬರುತ್ತದೆ. ಮನೆಮನೆಯಲ್ಲಿಯೂ ಗಾಡಿಗಳನ್ನು ತೊಳೆದು, ಕುಂಕುಮವಿಟ್ಟು, ಹೂವಿನ ಹಾರ ಹಾಕಿ ಪೂಜಿಸುತ್ತಾರೆ. ಪರೀಕ್ಷೆಗೆ ಇದಕ್ಕಿಂತ ತಕ್ಕ ಕಾಲವಿಲ್ಲ. ಹಾರ ಹಾಕುವ ಮೊದಲು ಗಾಡಿಯನ್ನು ಗ್ಯಾರೇಜಿಗೆ ಒಯ್ದು, ಮೇಲೆತ್ತಿಸಿ, ಮುಂದಿನ ಗಾಲಿಗಳ ಹಿಂದಿನ ಕೆಸರನ್ನು ಕಳೆದು, ಬೆಳಕು ಹಿಡಿದು ನೋಡಿಸಿರಿ. ಎಣ್ಣೆ ಬೇಕಾದಲ್ಲಿ ಎಣ್ಣೆ, ಗ್ರೀಸು ಬೇಕಾದಲ್ಲಿ ಗ್ರೀಸು ಹಾಕಿಸಿರಿ, ಸವೆದುದನ್ನು ಬದಲಾಯಿಸಿರಿ. ಪೂಜೆ ಅನಂತರ ಆಗಲಿ.